ಚಂದ್ರನನ್ನು ಎಳೆದವನ ಗಂಟಲು

ಗುಡುಗಣ್ಣನಿಗೆ ಆ ಹೆಸರು ಬಂದದ್ದು ಸಿಟ್ಟಿನಿಂದಲ್ಲ, ತಗಡಿನಿಂದ. ನಾಟಕ ಕಂಪನಿಯ ಪರದೆಯ ಹಿಂದೆ ಆಳೆತ್ತರದ ತಗಡೊಂದನ್ನು ತೂಗುಹಾಕಿ, ಮಳೆಯ ದೃಶ್ಯ ಬಂದಾಗ ಅದನ್ನು ಗಡಗಡ ಅಲ್ಲಾಡಿಸುವುದು ಅವನ ಕೆಲಸವಾಗಿತ್ತು. ಒಂದು ದಿನ ಆಟದ ನಟ್ಟನಡುವೆ ತಗಡು ಹರಿದುಹೋಯಿತು. ಅತ್ತ ರಂಗದ ಮೇಲೆ ನಾಯಕಿ "ಅಯ್ಯೋ, ಗುಡುಗು!" ಎಂದು ಹೆದರಿ ಆಗಿದೆ, ಇತ್ತ ಗುಡುಗಿನ ಸುಳಿವೇ ಇಲ್ಲ. ಅವನು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಹೊಟ್ಟೆಯೊಳಗಿಂದ ಗುಡುಗಿದ. ಮುಂದಿನ ಸಾಲಿನಲ್ಲಿ ಕೂತಿದ್ದವರೊಬ್ಬರು ಕೊಡೆ ಬಿಚ್ಚಿದರು ಎಂದು ಕಂಪನಿಯವರು ಆಮೇಲೆ ಹೇಳಿಕೊಂಡು ತಿರುಗಿದರು. ಕೊಡೆಯ ಮಾತು ಸುಳ್ಳಿರಬಹುದು. ಹೊಸ ತಗಡು ಬಂದ ಮೇಲೂ ಯಜಮಾನರು ಅದನ್ನು ಮೂಲೆಗೆ ಒರಗಿಸಿಟ್ಟದ್ದು ಮಾತ್ರ ನಿಜ.

ಈಗ ಅವನಿಗೆ ಎಪ್ಪತ್ತಾರು. ಗುಡುಗು ಗೊರಕೆಗೆ ಇಳಿದಿದೆ. ಮಗಳ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಅಂಗಡಿಯ ಸ್ಟೂಲಿನ ಮೇಲೆ ಕೂತು, ಹಾಳೆ ಸಿಕ್ಕಿಕೊಂಡಾಗ ಮೆಷಿನ್ ಮಾಡುವ ಕರಕರ ಸದ್ದನ್ನು ಬಾಯಲ್ಲಿ ಮಾಡುವುದು ಅವನಿಗೆ ಉಳಿದಿದ್ದ ಒಂದೇ ರಂಗಭೂಮಿ.

"ಅಪ್ಪ, ಸುಮ್ಮನಿರ್ತೀಯಾ? ಹಾಳೆ ಸಿಕ್ಕಾಕ್ಕೊಂಡಿದೆ ಅಂತ ಮೂರು ಸಲ ಮುಚ್ಚಳ ತೆಗೆದೆ."

"ಕಾಪಿ ಮಾಡೋ ಮೆಷಿನ್ನನ್ನೇ ಕಾಪಿ ಮಾಡ್ದೆ ಕಣೇ. ಅದಕ್ಕೊಂದು ಶಭಾಷ್ ಇಲ್ವಾ?"

"ಒರಿಜಿನಲ್ ಏನಾದ್ರೂ ಮಾಡು, ಕೊಡ್ತೀನಿ."

ಮಗಳು ಇದನ್ನು ತಮಾಷೆಗೇ ಅಂದದ್ದು. ಆದರೂ ಅಪ್ಪನ ಮುಖ ನೋಡಿ ಸ್ಟೇಪ್ಲರ್ ಹುಡುಕುವ ನೆಪದಲ್ಲಿ ಬಗ್ಗಿದಳು. ಆ ಮನೆಯಲ್ಲಿ ಒರಿಜಿನಲ್ ಅನ್ನುವ ಶಬ್ದವನ್ನು ನೋಡಿಕೊಂಡು ಬಳಸಬೇಕಿತ್ತು.

ಅದಕ್ಕೆ ಕಾರಣ ಹಳೆಯದು. ಗುಡುಗಣ್ಣನ ಜನ ಪರದೆಯ ಮುಂದೆ ಬರುವ ಹಾಗಿರಲಿಲ್ಲ. ಇದನ್ನು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ, ಬರೆದಿದ್ದರೆ ಅಳಿಸಬಹುದಿತ್ತು. ಹಗ್ಗ ಎಳೆಯುವುದು, ಕಸ ಗುಡಿಸುವುದು, ವೇಷದ ಬಟ್ಟೆ ಒಗೆಯುವುದು ಅವರ ಪಾಲಿಗೆ. ಬಣ್ಣ ಹಚ್ಚಿಕೊಂಡು ದೀಪದ ಬೆಳಕಿಗೆ ಬರುವುದು ಬೇರೆಯವರ ಪಾಲಿಗೆ. ಗುಡುಗಣ್ಣನ ತಾಯಿ ಇಪ್ಪತ್ತು ವರ್ಷ ರಾಜನ ಅಂಗಿ ಒಗೆದಳು. ಆ ಅಂಗಿಯನ್ನು ರಾಜನ ಮೈಮೇಲೆ ನೋಡಬೇಕು ಅನ್ನಿಸಿದರೆ ಪರದೆಯ ತೂತಿಗೆ ಕಣ್ಣು ಹಚ್ಚಬೇಕಿತ್ತು.

ರಾಜನ ಪಾತ್ರಗಳನ್ನೆಲ್ಲ ಕಟ್ಟುತ್ತಿದ್ದವರನ್ನು ಎಲ್ಲರೂ ರಾಜಾಪಾರ್ಟಿನವರು ಎಂದೇ ಕರೆಯುತ್ತಿದ್ದರು. ಎತ್ತರದ ಆಳು, ಅಗಲದ ಎದೆ. ಅವರು ಹಾಡುತ್ತಾರೆಂದರೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಅಂಥ ಕಂಠ ಮೂವತ್ತೆರಡನೇ ವಯಸ್ಸಿಗೆ ಕೈಕೊಟ್ಟಿತು. ಮಾತು ನೆಟ್ಟಗಿತ್ತು, ಹಾಡಲು ಹೋದರೆ ಮಾತ್ರ ಬಾಗಿಲ ಕೀಲಿನ ಸದ್ದು. ವೈದ್ಯರು ಗಂಟಲಲ್ಲಿ ಗಂಟಿದೆ ಅಂದರು. ಯಜಮಾನರಿಗೆ ಕಂಪನಿಯೇ ಗಂಟುಮೂಟೆ ಕಟ್ಟಿದ ಹಾಗೆ ಕಂಡಿತು.

ಅದೇ ವಾರ ಯಜಮಾನರು ಹಿತ್ತಲಿನಲ್ಲಿ ನಡೆದುಹೋಗುತ್ತಿದ್ದಾಗ, ಬಟ್ಟೆ ಒಗೆಯುವ ಕಲ್ಲಿನ ಹಿಂದಿನಿಂದ ರಾಜಾಪಾರ್ಟಿನವರ ಧ್ವನಿಯಲ್ಲಿ ಹಾಡು ಕೇಳಿಸಿತು. ಗಂಟಲು ಸರಿಹೋಯಿತು ಎಂಬ ಸಂಭ್ರಮದಲ್ಲಿ ಓಡಿಹೋಗಿ ನೋಡಿದರೆ, ಸಾಬೂನಿನ ನೊರೆಯಲ್ಲಿ ಮೀಸೆ ಬರೆದುಕೊಂಡು ಗುಡುಗಣ್ಣ ತನ್ನವರನ್ನು ನಗಿಸುತ್ತಿದ್ದಾನೆ. ಯಜಮಾನರನ್ನು ಕಂಡು ಅವನಿಗೆ ಜೀವ ಬಾಯಿಗೆ ಬಂತು. ಅವರು ಹೊಡೆಯಲಿಲ್ಲ. "ಇನ್ನೊಂದು ಸಲ ಹಾಡೋ" ಅಂದರು.

ಅಲ್ಲಿಂದ ಹನ್ನೊಂದು ವರ್ಷ ರಾಜಾಪಾರ್ಟಿನವರು ರಂಗದ ಮೇಲೆ ಬಾಯಿ ಆಡಿಸಿದರು, ಗುಡುಗಣ್ಣ ಪರದೆಯ ಹಿಂದೆ ಹಾಡಿದ. ಇಬ್ಬರ ಉಸಿರೂ ಒಂದೇ ಆಗಿಹೋಯಿತು. ಆದರೂ ಒಮ್ಮೆ ರಾಜಾಪಾರ್ಟಿನವರಿಗೆ ಹಾಡಿನ ಮಧ್ಯೆ ಜೋರಾಗಿ ಸೀನು ಬಂದೇಬಿಟ್ಟಿತು. ಹಾಡು ನಿಲ್ಲಲಿಲ್ಲ. ಸೀನಿನ ನಡುವೆ ಸೀನಿದರೂ ಶ್ರುತಿ ಬಿಡದ ಮಹಾನುಭಾವ ಎಂದು ಮರುದಿನ ಪತ್ರಿಕೆಯಲ್ಲಿ ಬಂತು. ಇಬ್ಬರೂ ವೇಷದ ಪೆಟ್ಟಿಗೆಯ ಹಿಂದೆ ಕೂತು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ರಾಜಾಪಾರ್ಟಿನವರು ಅವನ ಎರಡೂ ಕೈ ಹಿಡಿದುಕೊಂಡರು.

"ತಮ್ಮಾ, ಹಾಡೋಕೆ ಬಾಯಿ ಬಿಡು, ಹೇಳೋಕೆ ಮಾತ್ರ ಬಿಡಬೇಡ. ನಾನು ಇರೋವರೆಗೂ. ಆಣೆ ಮಾಡು."

ಅವನು ಆಣೆ ಮಾಡಿದ. ಅಷ್ಟು ದೊಡ್ಡವರು ಕೈ ಹಿಡಿದದ್ದು ಅದೇ ಮೊದಲು.

ಆಣೆ ಅವನಿಗೆ ಭಾರವಾದದ್ದು ಮಗಳು ಮೂರನೇ ತರಗತಿಯಲ್ಲಿದ್ದಾಗ. ಅಷ್ಟರಲ್ಲಿ ಕಂಪನಿಯ ಹೆಸರುವಾಸಿ ಹಾಡು ಗ್ರಾಮಫೋನ್ ತಟ್ಟೆಯಾಗಿ ಬಂದಿತ್ತು. ಗಡೀಪಾರಾದ ಅರಸ ಮೇಲೇರುವ ಚಂದ್ರನನ್ನು ನೋಡಿ ಹಾಡುವ ಹಾಡು ಅದು. ಶಾಲೆಯಲ್ಲಿ ಮೇಡಂ ಆ ತಟ್ಟೆ ಹಾಕಿದಾಗ ಹುಡುಗಿ ಎದ್ದು ನಿಂತು, "ಮಿಸ್, ಇದು ನಮ್ಮಪ್ಪನ ಧ್ವನಿ" ಅಂದಳು. ಮನೆಯಲ್ಲಿ ಜಡೆ ಹಾಕುತ್ತಾ ಅಪ್ಪನೇ ಅವಳ ಕಿವಿಯಲ್ಲಿ ಹೇಳಿದ್ದ ಗುಟ್ಟು. ತರಗತಿ ಗೊಳ್ಳೆಂದಿತು. ಮೇಡಂ ಅಪ್ಪನನ್ನು ಕರೆಸಿದರು. ಗುಡುಗಣ್ಣ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತ. ಒಂದು ಕ್ಷಣ ಮಗಳ ಮುಖ ನೋಡಿದ. ಆಮೇಲೆ ಅಂದ:

"ಮಕ್ಕಳು, ಏನೋ ಹೇಳ್ತವೆ ಮೇಡಂ. ನಾನು ಬರೀ ಗುಡುಗು."

ಹುಡುಗಿಯನ್ನು ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದರು. ಮನೆಗೆ ಬಂದು ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ಅಪ್ಪ, ನೀನು ಸುಳ್ಳು ಹೇಳಿದ್ದು ಮನೇಲೋ, ಸ್ಕೂಲಲ್ಲೋ?" ಅವನು ಬಾಚಣಿಗೆ ಹುಡುಕಲು ಎದ್ದ. ಅವಳು ಮತ್ತೆ ಕೇಳಲಿಲ್ಲ. ರಾಜಾಪಾರ್ಟಿನವರು ಹೋದರು, ಯಜಮಾನರು ಹೋದರು, ಕಂಪನಿ ಮುಚ್ಚಿತು, ಆಣೆ ತೀರಿತು. ಅಷ್ಟು ಹೊತ್ತಿಗೆ ಅಪ್ಪನ ಬಾಯಲ್ಲಿ ಯಾವ ಧ್ವನಿ ಬೇಕಾದರೂ ಬರುತ್ತದೆ, ಯಾವ ಕಥೆ ಬೇಕಾದರೂ ಬರುತ್ತದೆ ಎಂದು ಮಗಳು ತೀರ್ಮಾನಿಸಿಯಾಗಿತ್ತು. ಅವಳೀಗ ನಲವತ್ತೆಂಟರ ಹೆಂಗಸು. ಒರಿಜಿನಲ್ ನೋಡದೆ ಯಾರ ಕಾಗದವನ್ನೂ ಜೆರಾಕ್ಸ್ ಮಾಡಿಕೊಡದವಳು.

ಆದ್ದರಿಂದ ರಂಗ ಸಂಗ್ರಹಾಲಯದಿಂದ ಪತ್ರ ಬಂದ ದಿನ ಅಂಗಡಿಯಲ್ಲಿ ಒಂದು ನಿಮಿಷ ಮೆಷಿನ್ ನಿಂತಿತು. ಪರದೆಯ ಹಿಂದೆ ದುಡಿದವರ ನೆನಪುಗಳನ್ನು ಧ್ವನಿಮುದ್ರಿಸುತ್ತೇವೆ, ದಯವಿಟ್ಟು ಬನ್ನಿ ಎಂದು ಬರೆದಿತ್ತು.

"ಹೋಗಿ ಏನು ಹೇಳ್ತೀಯ?" ಎಂದಳು ಮಗಳು.

"ನಿಜ."

"ಯಾವುದು?"

ಅವನು ಸ್ಟೂಲಿನಿಂದ ಇಳಿದ. "ನೀನೂ ಬಾ. ನಾನು ಹೇಳೋದು ಬೇಡ, ಆ ಸಂಗ್ರಹಾಲಯದೋರ ಬಾಯಿಂದಾನೇ ನೀನು ಕೇಳ್ಬೇಕು. ಅದೊಂದು ಆಗ್ಬಿಡ್ಲಿ ನನಗೆ."

ಸಂಗ್ರಹಾಲಯ ಎಂದರೆ ಹಿಂದೆ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ಗಾಜಿನ ಪೆಟ್ಟಿಗೆಗಳೊಳಗೆ ಕಿರೀಟಗಳು, ಕತ್ತಿಗಳು, ನಂಬರು ಅಂಟಿಸಿದ ಏಳು ಗಡ್ಡಗಳು. ನಡೆಸುತ್ತಿದ್ದವಳು ನಲವತ್ತರ ಆಸುಪಾಸಿನ ಲವಲವಿಕೆಯ ಹೆಂಗಸು. ಬಾಗಿಲಿಗೇ ಬಂದು ಗುಡುಗಣ್ಣನ ಕೈಹಿಡಿದು ಒಳಗೆ ಕರೆದುಕೊಂಡಳು. ಅಂಥ ಮರ್ಯಾದೆ ಅವನಿಗೆ ಹೊಸದು. ಗೋಡೆಗೆ ನೇತುಹಾಕಿದ್ದ ಗುಡುಗಿನ ತಗಡನ್ನು ಅವಳು ಹೆಮ್ಮೆಯಿಂದ ತೋರಿಸಿದಳು.

"ಇದು ಗುಡುಗಿದ್ದನ್ನ ನಾನೇ ನೋಡಿಲ್ಲ ಮೇಡಂ. ಮೂಲೇಲಿ ಕೂತು ಸಂಬಳ ತಗೊಂಡಿದ್ದು" ಎಂದ. ಎಲ್ಲರೂ ನಕ್ಕರು. ಮಗಳೂ ನಕ್ಕಳು.

ಅಷ್ಟರಲ್ಲಿ ಚಾವಣಿಯ ಸ್ಪೀಕರಿನಿಂದ ಹಾಡು ಇಳಿಯಿತು.

*ಏರಿ ಬಾ ತಣ್ಣನೆಯ ದೀವಿಗೆಯೇ, ಏರಿ ಬಾ,*
*ನನ್ನ ಮನೆಯ ಹಾದಿಗಷ್ಟು ಹಾಲು ಸುರಿದು ಬಾ.*

"ಮನೆಯ" ಎನ್ನುವಲ್ಲಿ ಧ್ವನಿ ಒಂದು ಗಳಿಗೆ ಬಿಕ್ಕಿ, ಮತ್ತೆ ಎದ್ದು ನಡೆಯುತ್ತಿತ್ತು. ಆ ಬಿಕ್ಕು ಬಂದ ಕೂಡಲೇ ಕುರ್ಚಿಯೊಂದರಲ್ಲಿ ಕೂತಿದ್ದ ಹಿರಿಯರು ಕಣ್ಣು ಮುಚ್ಚಿ ತಲೆದೂಗಿದರು. ಅವರು ನಿವೃತ್ತ ಪ್ರೊಫೆಸರು, ರಂಗಸಂಗೀತದ ಇತಿಹಾಸ ಬರೆದವರು. ಸಂಗ್ರಹಾಲಯದಲ್ಲಿ ಅವರದೇ ಕೊನೆಯ ಮಾತು. ಹಾಡು ಶುರುವಾದರೆ ಕಣ್ಣು ಮುಚ್ಚುತ್ತಿದ್ದುದರಿಂದ ಶಿಷ್ಯರೆಲ್ಲ ಬೆನ್ನ ಹಿಂದೆ ಕಣ್ಮುಚ್ಚಿ ಮೇಷ್ಟ್ರು ಎನ್ನುತ್ತಿದ್ದರು.

"ಕೇಳಿದ್ರಾ ಆ ಬಿಕ್ಕು?" ಎಂದರು ಮೇಷ್ಟ್ರು, ಕಣ್ಣು ತೆರೆದು. "ಊರು ಬಿಟ್ಟ ಅರಸ. ಮನೆ ಅನ್ನೋ ಶಬ್ದ ಬಂದ ತಕ್ಷಣ ಕುಸೀತಾನೆ. ಬರೀ ಅದರ ಮೇಲೇನೇ ನಾನು ನಲವತ್ತು ಪುಟ ಬರೆದಿದ್ದೀನಿ. ಇವತ್ತು ಹಾಡೋ ಹುಡುಗರೆಲ್ಲ ಆ ಬಿಕ್ಕನ್ನ ಸಾಧನೆ ಮಾಡ್ತಾರೆ."

ಗುಡುಗಣ್ಣ ಗಂಟಲು ಸರಿಮಾಡಿಕೊಂಡ. "ಸರ್, ಅದು ಅಳು ಅಲ್ಲ. ಅದು ರಾಟೆ."

"ಏನಂದ್ರಿ?"

ಅವನು ಹೇಳಿದ. ಮೊದಲ ಸಲ, ದೊಡ್ಡವರ ಎದುರು, ಪೂರ್ತಿ ಹೇಳಿದ. ಆ ದೃಶ್ಯದಲ್ಲಿ ಚಂದ್ರ ಮೇಲೇರಬೇಕು. ಚಂದ್ರ ಎಂದರೆ ಹಿಂದೆ ದೀಪ ಇಟ್ಟ ಬಟ್ಟೆಯ ಗುಂಡು, ಒಂದು ಆಳಿನ ತೂಕ. ಅದನ್ನು ಹಲ್ಲಿನ ಚಕ್ರವಿದ್ದ ಕಬ್ಬಿಣದ ರಾಟೆಯಿಂದ ಎಳೆಯಬೇಕು. ಎಳೆಯುವವನೂ ಅವನೇ, ಹಾಡುವವನೂ ಅವನೇ; ಬೇರೊಬ್ಬನನ್ನು ಅಲ್ಲಿ ನಿಲ್ಲಿಸಿದರೆ ಗುಟ್ಟು ಒಡೆಯುತ್ತದೆ. ಚಕ್ರದ ಒಂದು ಹಲ್ಲು ಮುರಿದಿತ್ತು. ಪ್ರತಿ ಸುತ್ತಿಗೂ ಅಲ್ಲಿ ಹಗ್ಗ ಜಾರುತ್ತಿತ್ತು, ಭುಜ ಕೊಟ್ಟು ಎತ್ತಿಹಿಡಿಯದಿದ್ದರೆ ಚಂದ್ರ ದಬಕ್ಕನೆ ಬೀಳುತ್ತಿದ್ದ. ಪಲ್ಲವಿಗೊಂದು ಸುತ್ತು. ಸುತ್ತು ಮುಗಿಯುವುದು ಸರಿಯಾಗಿ "ಮನೆಯ" ಎನ್ನುವಲ್ಲಿ. ಎತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತದೆ. ಅಷ್ಟೇ. ತಟ್ಟೆ ಮಾಡುವವರು ಬಂದಾಗ ರಾಜಾಪಾರ್ಟಿನವರು ಸ್ಟುಡಿಯೋಗೆ ಹೋಗಲು ಒಪ್ಪದೆ, ಆಟ ನಡೆಯುವಾಗಲೇ ಮುದ್ರಿಸಿಕೊಳ್ಳಿ ಅಂದದ್ದೂ ಅದಕ್ಕೇ. ಸ್ಟುಡಿಯೋದಲ್ಲಿ ಪರದೆ ಇರುವುದಿಲ್ಲವಲ್ಲ.

ಮಗಳು ಹತ್ತಿರ ಸರಿದು ಕೇಳುತ್ತಿದ್ದಳು. ರಾಟೆಯ ಮಾತನ್ನು ಅವನು ಮನೆಯಲ್ಲಿ ಎಂದೂ ಹೇಳಿರಲಿಲ್ಲ.

ಮೇಷ್ಟ್ರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಗುಡುಗಣ್ಣನಿಗೆ ಹಿಡಿಯಲು ಒಂದು ಕೊಂಬೆಯಾದರೂ ಸಿಗುತ್ತಿತ್ತು. ಅವರು ಮೆತ್ತಗೆ, "ಹಾಡಿ ನೋಡೋಣ" ಅಂದರು.

ಅವನು ಹಾಡಿದ. ಎಪ್ಪತ್ತಾರರ ಎದೆಗೂಡಿನಿಂದ ಮೂವತ್ತೈದರ ರಾಜ ಎದ್ದು ಬಂದ. ಗಡ್ಡಗಳ ಪೆಟ್ಟಿಗೆಯ ಗಾಜು ಸಣ್ಣಗೆ ನಡುಗಿತು. ಸಂಗ್ರಹಾಲಯದ ಮೇಡಂ ಬಾಯಿಗೆ ಕೈ ಹಿಡಿದಳು. ಮುಗಿದಾಗ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು.

"ಅದ್ಭುತ! ಇಂಥ ಅನುಕರಣೆ ನನ್ನ ಆಯುಷ್ಯದಲ್ಲಿ ಕೇಳಿಲ್ಲ."

"ಅನುಕರಣೆ ಅಲ್ಲ ಸರ್, ಅದು ನಾನೇ."

"ಅದನ್ನೇ ನಾನೂ ಹೇಳ್ತಿರೋದು. ನೀವು ಅವರೇ ಆಗ್ಬಿಟ್ರಿ!"

"ಅಯ್ಯೋ, ನಾನು ಅವರಾಗಿದ್ದಲ್ಲ. ಅವರು ನಾನಾಗಿದ್ದು."

ಮೇಡಂ ನಕ್ಕಳು. ಒಳ್ಳೆಯ ಮಾತುಗಾರ ಎಂಬಂತೆ ನಕ್ಕಳು. ಮಗಳು ಮಾತ್ರ ಒಂದು ಹೆಜ್ಜೆ ಮುಂದೆ ಬಂದು, "ಸರ್, ಹೋಲಿಸಿ ನೋಡೋ ದಾರಿ ಇಲ್ವಾ?" ಎಂದಳು. ಕಾಗದಪತ್ರ ಬಲ್ಲವಳ ಪ್ರಶ್ನೆ.

"ಇದೆಯಲ್ಲಮ್ಮ," ಎಂದರು ಮೇಷ್ಟ್ರು ತಾಳ್ಮೆಯಿಂದ. "ಇವರು ತಮ್ಮ ಸ್ವಂತ ಧ್ವನೀಲಿ ಅದೇ ಸಾಲು ಹಾಡ್ಲಿ. ಅದರ ಗುರುತು ತಟ್ಟೇಲಿ ಎಲ್ಲಾದರೂ ಕಾಣುತ್ತೋ ನೋಡೋಣ."

ಗುಡುಗಣ್ಣ ಬಾಯಿ ತೆರೆದ. ಬಂದದ್ದು ಕಂಪನಿಯ ಹಾಸ್ಯಗಾರ. ಅಲ್ಲ ಎಂದು ತಲೆಯಾಡಿಸಿ ಮತ್ತೆ ತೆರೆದ, ಯಜಮಾನರು ಬಂದರು. ಮೂರನೇ ಸಲ ಅಂಗಡಿಯ ಮಾಲೀಕರು ಬಾಡಿಗೆ ಕೇಳುವ ರಾಗದಲ್ಲಿ ಬಂದು ಹೋದರು. ಮೇಡಂ ಚಪ್ಪಾಳೆ ತಟ್ಟಿದಳು. ಎಲ್ಲರ ಧ್ವನಿಗಳನ್ನೂ ಇಟ್ಟುಕೊಂಡಿದ್ದ ಗಂಟಲಿನಲ್ಲಿ ತನ್ನದು ಎಂದು ಒಂದಕ್ಕೆ ಅವನು ಜಾಗ ಬಿಟ್ಟಿರಲಿಲ್ಲ. ಹಾಡು ಎಂದರೆ ಅವನಿಗೆ ಆ ಒಂದೇ ಧ್ವನಿ. ಹುಟ್ಟಿದ್ದು ಇನ್ನೊಬ್ಬರದ್ದಾಗಿ, ಹನ್ನೊಂದು ವರ್ಷ ಬೆಳೆದದ್ದು ಅವನ ಹೊಟ್ಟೆಯಲ್ಲಿ.

"ನೋಡಿ, ನಿಮಗೆ ಎಲ್ಲರ ಧ್ವನೀನೂ ಬರುತ್ತೆ," ಎಂದರು ಮೇಷ್ಟ್ರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ, ಲೆಕ್ಕವಿತ್ತು. "ಹಾಗಿರುವಾಗ ಇದೊಂದು ಮಾತ್ರ ನಿಮ್ಮದು ಅಂತ ನಾನು ಹೇಗೆ ಬರೀಲಿ?"

"ರಾಟೆ ಇದೆಯಾ ಇಲ್ಲಿ?" ಎಂದು ಕೇಳಿದ ಗುಡುಗಣ್ಣ.

ಇತ್ತು. ಪಕ್ಕದ ಕೋಣೆಯಲ್ಲೇ ಇತ್ತು. ಅವನು ಎಲ್ಲರಿಗಿಂತ ಮುಂದೆ, ವಯಸ್ಸು ಮರೆತು ನಡೆದ. ಮುರಿದ ಹಲ್ಲಿನ ಮುಂದೆ ಯಾವ ಪ್ರೊಫೆಸರು ನಿಲ್ಲುತ್ತಾರೆ? ತಾನು ಹಿಡಿ ತಿರುಗಿಸುತ್ತೇನೆ, ತಟ್ಟೆ ಹಾಕಲಿ, ಹಗ್ಗ ಜಾರುವ ಜಾಗಕ್ಕೂ ಬಿಕ್ಕಿನ ಜಾಗಕ್ಕೂ ತಾಳ ಹಾಕಿ ನೋಡಲಿ. ಅವನು ಮಗಳ ಕಡೆ ತಿರುಗಿ, "ಬಾ, ನೀನೇ ನೋಡು" ಎಂದು ಕೈಬೀಸಿ ಕರೆದ.

ರಾಟೆ ಹಸಿರು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ಕೂತಿತ್ತು.

"ತುಂಬಾ ತುಕ್ಕು ಹಿಡಿದಿತ್ತು," ಎಂದಳು ಮೇಡಂ. "ಚಕ್ರಾನೇ ಹೊಸದು ಮಾಡಿಸಿದ್ವಿ. ತಿರುಗಿಸಿ ನೋಡಿ, ಬೆಣ್ಣೆ ಹಾಗೆ ಹೋಗುತ್ತೆ."

ಅವನು ಹಿಡಿ ತಿರುಗಿಸಿದ. ಹೋಯಿತು. ಒಂದು ಸುತ್ತು, ಎರಡು ಸುತ್ತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಜಾರಲಿಲ್ಲ.

"ಹಳೇ ಚಕ್ರ?"

"ಗುಜರಿಗೆ ಹೋಯ್ತಲ್ಲ, ಎರಡು ವರ್ಷದ ಹಿಂದೇನೇ."

"ಅದರಲ್ಲೊಂದು ಹಲ್ಲು ಮುರಿದಿತ್ತು, ಗಮನಿಸಿದ್ರಾ ಮೇಡಂ? ಫೋಟೋ ಏನಾದ್ರೂ?"

ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದಳು, ಹುಬ್ಬು ಗಂಟಿಕ್ಕಿ. "ಅಷ್ಟು ತುಕ್ಕಲ್ಲಿ ಹಲ್ಲು ಯಾರು ಎಣಿಸ್ತಾರೆ? ಫೋಟೋ ತೆಗೆದಿದ್ದು ಬಣ್ಣ ಆದ ಮೇಲೆ." ಅವನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿತು. "ಚೆನ್ನಾಗಿ ಕಾಣ್ಲಿ ಅಂತ ಮಾಡಿದ್ವಿ" ಎಂದು ಸೇರಿಸಿದಳು.

ಅವನು ಆ ಹೊಸ ಹಲ್ಲುಗಳ ಮೇಲೆ ಬೆರಳಾಡಿಸುತ್ತಾ ನಿಂತ. ಒಂದೊಂದೂ ನೆಟ್ಟಗಿತ್ತು. ತನ್ನ ಬಾಯಲ್ಲಾದರೂ ಮೂರು ಮುರಿದಿವೆ, ಆದರೆ ಸಾಕ್ಷಿ ಹೇಳಬೇಕಿದ್ದ ಬಾಯಿ ಇದು.

ಚಹಾ ಬಂತು. ಚಹಾದ ಜೊತೆಗೆ ಮೇಡಂ ಒಂದು ವಿಷಯ ತೆಗೆದಳು. ಹಾಡು ಎರಡು ತಟ್ಟೆಗಳಲ್ಲಿತ್ತಂತೆ, ಎರಡನೆಯದು ಒಡೆದುಹೋಗಿದೆಯಂತೆ. ಕೊನೆಯ ಚರಣದ ಮಾತುಗಳು ಪುಸ್ತಕದಲ್ಲಿವೆ, ಧ್ವನಿ ಮಾತ್ರ ಎಲ್ಲೂ ಇಲ್ಲ. ಹಾಡು ಅರ್ಧಕ್ಕೇ ನಿಂತು ಜನ ಪೆಚ್ಚಾಗಿ ಹೋಗುತ್ತಿದ್ದಾರೆ.

"ನೀವು ಹಾಡಿಕೊಟ್ರೆ ಜೋಡಿಸ್ಬಿಡ್ತೀವಿ. ಎಲ್ಲಿ ಸೇರಿಸಿದೆ ಅಂತ ಗೊತ್ತೇ ಆಗಲ್ಲ."

"ಯಾರ ಹೆಸರಲ್ಲಿ?" ಎಂದಳು ಮಗಳು.

"ಹಾಡು ಅವರ ಹೆಸರಲ್ಲೇ ಇರುತ್ತೆ. ಕೆಳಗೆ, ಕೊನೆಯ ಚರಣದ ಅನುಕರಣೆ ಅಂತ ಇವರ ಹೆಸರು ಹಾಕ್ತೀವಿ. ಖಂಡಿತ ಹಾಕ್ತೀವಿ."

ಮೇಷ್ಟ್ರು ಒಪ್ಪಿಗೆಯಿಂದ ತಲೆಯಾಡಿಸಿದರು. ಅವರ ಮಟ್ಟಿಗೆ ಅದು ದೊಡ್ಡ ಔದಾರ್ಯವೇ ಆಗಿತ್ತು.

ಮಗಳು ಅಪ್ಪನ ತೋಳು ಹಿಡಿದು ಓಣಿಗೆ ಕರೆದುಕೊಂಡು ಬಂದಳು. "ಹಾಡಬೇಡ ಅಪ್ಪ. ಬಾ, ಮನೆಗೆ ಹೋಗೋಣ."

"ನೀನು ನಂಬಿದ್ಯಾ ಪುಟ್ಟಿ?"

ಅವಳು ನೆಲ ನೋಡಿದಳು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ, ಅಪ್ಪನಿಂದ ಕಲಿಯದೆ ಬಿಟ್ಟ ವಿದ್ಯೆ ಅದೊಂದೇ. "ನಂಬೋಕೆ ನಂಗೆ ಆಸೆ ಇದೆ" ಎಂದಳು.

ಆ ಮಾತು ಅವನೊಳಗೆ ಎಲ್ಲೋ ಹೋಗಿ ಕೂತಿತು. ಅವನು ಅವಳ ಕಿವಿಯ ಹತ್ತಿರ ಬಗ್ಗಿದ. "ನೆನಪು ಅಂತ ಹೇಳಿದ್ರೆ ಆ ಸರ್ ಸೇರಿಸ್ಕೊಳ್ಳಲ್ಲ, ಹಾಡೋ ಹಾಗೆ ಮಾಡ್ತೀನಿ. ಒಳಗೆ ಹೋಗಿ ಕೂತು, ರೆಕಾರ್ಡಿಂಗ್ ಶುರುವಾದಾಗ ಕೆಂಪು ದೀಪ ಹತ್ತುತ್ತಲ್ಲ, ಆಗ ಮೈಕಿಗೇ ಹೇಳ್ಬಿಡ್ತೀನಿ. ಈ ಹಾಡು ಪೂರ್ತಿ ಹಾಡಿದ್ದು ನಾನು, ಸ್ಕೂಲಲ್ಲಿ ಸುಳ್ಳು ಹೇಳಿದ್ದೂ ನಾನು ಅಂತ. ಟೇಪಲ್ಲಿ ಇರ್ಲಿ. ನಾಳೆ ಯಾರೋ ಒಬ್ಬರು ಕೇಳ್ತಾರೆ."

ಮಗಳು ಅವನನ್ನೇ ನೋಡಿದಳು. ನಲವತ್ತು ವರ್ಷದಿಂದ ಕಾದದ್ದು ಆ ಎರಡನೇ ವಾಕ್ಯಕ್ಕಾಗಿ ಎಂಬುದು ಅವಳಿಗೂ ಆಗಷ್ಟೇ ಗೊತ್ತಾದಂತಿತ್ತು. "ಹೇಳ್ತೀಯಾ?"

"ಹೇಳ್ತೀನಿ. ಆಣೆ."

ಧ್ವನಿಮುದ್ರಣದ ಕೋಣೆ ಒಂದು ಬೀರುವಿನಷ್ಟಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ, ಒಂದು ಕುರ್ಚಿ, ಒಂದು ಮೈಕು, ಎದುರಿಗೆ ಗಾಜು. ಗಾಜಿನಾಚೆ ಯಂತ್ರದ ಮುಂದೆ ದಪ್ಪಗಿನ ಧ್ವನಿ ಎಂಜಿನಿಯರು, ಪಕ್ಕದಲ್ಲಿ ಮೇಡಂ, ಕುರ್ಚಿಯಲ್ಲಿ ಮೇಷ್ಟ್ರು, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಮಗಳು. ಅವನ ಕಿವಿಗೆ ಹೆಡ್‌ಫೋನ್ ಹಾಕಿದರು. ಮೊದಲ ತಟ್ಟೆಯ ಹಾಡು ಅದರಲ್ಲಿ ಕೇಳಿಸುತ್ತದೆ, ಅದು ಮುಗಿದ ಕೂಡಲೇ ನಾನು ಕೈ ಇಳಿಸುತ್ತೇನೆ, ನೀವು ಎತ್ತಿಕೊಳ್ಳಿ ಎಂದ ಎಂಜಿನಿಯರು.

ಗುಡುಗಣ್ಣ ಹೇಳಬೇಕಾದ ವಾಕ್ಯಗಳನ್ನು ನಾಲಗೆಯ ತುದಿಗೆ ತಂದಿಟ್ಟುಕೊಂಡ. ಈ ಹಾಡು. ಪೂರ್ತಿ. ಹಾಡಿದ್ದು. ನಾನು.

ಕೆಂಪು ದೀಪ ಹತ್ತಿತು. ಕಿವಿಯೊಳಗೆ ತನ್ನದೇ ಧ್ವನಿ ನಲವತ್ತು ವರ್ಷದಾಚೆಯಿಂದ ಬಂತು. ಆ ಧ್ವನಿಯ ಹಿಂದೆ, ಬೇರೆ ಯಾರಿಗೂ ಕೇಳಿಸದಷ್ಟು ಸಣ್ಣಗೆ, ಹಗ್ಗದ ಕಿರ್ ಎನ್ನುವ ಸದ್ದಿತ್ತು. ಅಥವಾ ಇದೆ ಎಂದು ಅವನಿಗೆ ಅನ್ನಿಸಿತು. ಪರದೆಯ ಬಟ್ಟೆಯ ವಾಸನೆ ಬಂತು. ಹಾಡು ಮುಗಿಯಿತು. ಎಂಜಿನಿಯರಿನ ಕೈ ಇಳಿಯಿತು.

ಹನ್ನೊಂದು ವರ್ಷ ಯಾರದೋ ಕೈ ಇಳಿದಾಗಲೆಲ್ಲ ತೆರೆದುಕೊಂಡ ಬಾಯಿ ಅದು. ತೆರೆದುಕೊಂಡಿತು. ಅವನನ್ನು ಕೇಳದೆ ಹಾಡಿತು.

*ಇಳಿವ ಮುನ್ನ ಒಮ್ಮೆ ನಿಂತು ನೋಡಿ ಹೋಗೆಯಾ,*
*ನನ್ನ ಮನೆಯ ಬಾಗಿಲಲ್ಲಿ ಯಾರು ನಿಂತರೋ.*

ನಿಲ್ಲಿಸು ಎಂದುಕೊಂಡ. ನಿಲ್ಲಲಿಲ್ಲ. ಈ ಸಾಲು ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಸಾಲು ಇನ್ನೊಂದು ಸಾಲನ್ನು ಎಳೆದು ತಂದಿತು. ಗಾಜಿನಾಚೆ ಮಗಳ ತುಟಿ ಹೇಳು, ಹೇಳು ಎನ್ನುತ್ತಿತ್ತು. ಆಮೇಲೆ ಆ ತುಟಿ ನಿಂತಿತು. ಅವಳ ಕಣ್ಣು ಅವನ ಮುಖ ಬಿಟ್ಟು ಕೆಳಗೆ ಇಳಿಯಿತು, ಅಲ್ಲೇ ಕಚ್ಚಿಕೊಂಡಿತು. ಅವಳು ಗಾಜನ್ನು ಬಡಿಯತೊಡಗಿದಳು. ಸದ್ದು ಇತ್ತ ಬರಲಿಲ್ಲ. ಎಂಜಿನಿಯರು ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಗದರಿದ. ಅವಳು ಮೇಷ್ಟ್ರ ಭುಜ ಹಿಡಿದು ಅಲ್ಲಾಡಿಸಿದಳು. ಮೇಷ್ಟ್ರು ಕಣ್ಣು ಮುಚ್ಚಿದ್ದರು.

ಅವಳು ಏನನ್ನು ನೋಡುತ್ತಿದ್ದಾಳೆ ಎಂದು ಗುಡುಗಣ್ಣ ತಲೆ ತಗ್ಗಿಸಿ ನೋಡಿಕೊಂಡ. ಅವನ ಎರಡೂ ಕೈಗಳು ಮಡಿಲ ಮುಂದೆ ಇಲ್ಲದ ಹಿಡಿಯೊಂದನ್ನು ತಿರುಗಿಸುತ್ತಿದ್ದವು. ಪಲ್ಲವಿ ಬಂತು, "ಮನೆಯ" ಬಂತು, ಬಲಭುಜ ತಾನಾಗಿ ಕುಸಿದು ಎದ್ದಿತು, ಉಸಿರು ಸಿಕ್ಕಿಕೊಂಡು ಬಿಟ್ಟಿತು. ಅವನ ಕೈಯಿಂದ ಏನೂ ಬೀಳಲಿಲ್ಲ.

ಹಾಡು ಮುಗಿಯಿತು. ಕೆಂಪು ದೀಪ ಆರಿತು. ಆಚೆಯ ಮಾತು ಕೇಳಿಸುವ ಗುಂಡಿಯನ್ನು ಎಂಜಿನಿಯರು ಒತ್ತಿದ್ದ. ಎಲ್ಲರ ದನಿಯೂ ಹೆಡ್‌ಫೋನಿಗೆ 'ಗೊಂಯ್' ಎಂದು ನುಗ್ಗಿತು.

"ಅವರ ಕೈ ನೋಡಿದ್ರಾ ಸರ್? ಭುಜ ನೋಡಿದ್ರಾ? ಹಾಡ್ತಾ ಹಾಡ್ತಾ ರಾಟೆ ತಿರುಗಿಸ್ತಿದ್ರು! ಬಿಕ್ಕು ಬಂದಿದ್ದು ಸರಿಯಾಗಿ ಭುಜ ಕೊಟ್ಟಾಗ. ನಾನು ನೋಡಿದೆ. ಇವರೇ ಸರ್, ಇವರೇ ಹಾಡಿದ್ದು." ಮಗಳ ಧ್ವನಿ ಮೂರನೇ ತರಗತಿಯಷ್ಟು ತೆಳ್ಳಗಾಗಿತ್ತು.

ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ನೋಡ್ಲಿಲ್ಲಮ್ಮ, ಆದ್ರೆ ನೀನು ಹೇಳಿದ್ದು ಖಂಡಿತ ಇರುತ್ತೆ. ಚಂದ್ರ ಎಳೀತಿದ್ದಿದ್ದು ಇವರೇ, ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಅವರು ಹಾಡೋರು, ಇವರು ಎಳೆಯೋರು, ಹನ್ನೊಂದು ವರ್ಷ. ಹಾಡು ಶುರುವಾದ್ರೆ ಕೈ ತಿರುಗದೆ ಇರುತ್ತಾ? ಅವರು ಬಿಕ್ಕೋ ಜಾಗಕ್ಕೆ ಇವರ ಭುಜ ಹೊಂದಿಕೊಂಡುಬಿಟ್ಟಿದೆ. ಎಂಥ ಶ್ರದ್ಧೆ ನೋಡು."

ಆ ಮಾತಿಗೆ ಎದುರಾಡಲು ಮಗಳಿಗೆ ಒಂದು ಎಳೆಯೂ ಸಿಗಲಿಲ್ಲ. ಅದು ಅಷ್ಟು ಸರಿಯಾಗಿತ್ತು.

"ಇನ್ನೊಂದು ಸಲ ಬಿಡಿ ಸರ್," ಎಂದು ಗುಡುಗಣ್ಣ ಮೈಕಿಗೆ ಬಾಯಿ ಹಚ್ಚಿದ. "ನಾನು ಒಂದು ಮಾತು ಹೇಳೋದಿತ್ತು."

"ಬೇಡ ಬೇಡ, ಮೊದಲನೇದೇ ಅಚ್ಚುಕಟ್ಟಾಗಿದೆ," ಎಂದ ಎಂಜಿನಿಯರು, ತಂತಿ ಸುತ್ತುತ್ತಾ. "ರೆಕಾರ್ಡಿಂಗ್ ಆಫ್ ಮಾಡಿದ್ದೀನಿ. ಹುಷಾರಾಗಿ ಎದ್ದು ಬನ್ನಿ, ಮೆಟ್ಟಿಲಿದೆ."

ಮಗಳೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಬೀರುವಿನಂಥ ಆ ಕೋಣೆಯಲ್ಲಿ ಇಬ್ಬರು ನಿಲ್ಲಲು ಜಾಗವಿರಲಿಲ್ಲ. ಅವಳು ಅವನ ಮುಂದೆ ಮಂಡಿಯೂರಿ ಕೂತು, ಕಿವಿಯಿಂದ ಹೆಡ್‌ಫೋನ್ ತೆಗೆದಳು. ಅವನ ಬಲಗೈ ಇನ್ನೂ ರಾಟೆಯ ಹಿಡಿ ಹಿಡಿದ ಹಾಗೇ ಮಡಚಿಕೊಂಡಿತ್ತು. ಅದನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಹೇಳೋಕಾಗ್ಲಿಲ್ಲ ಕಣಮ್ಮ," ಎಂದ ಅವನು. "ಕೈ ಇಳೀತು. ಬಾಯಿ ನನ್ನ ಮಾತು ಕೇಳ್ಲಿಲ್ಲ."

"ಗೊತ್ತಪ್ಪ. ನೋಡಿದೆ."

"ಈಗಾದ್ರೂ ನಂಬ್ತೀಯಾ?"

"ನಂಬ್ತೀನಿ."

"ಹಾಗಾದ್ರೆ ಸಾಕು ಬಿಡು. ನನಗೆ ಅಷ್ಟೇ ಬೇಕಾಗಿದ್ದು."

ಅವಳು ತಲೆಯಾಡಿಸಿದಳು. ಗಾಜಿನಾಚೆ ಮೇಡಂ, ಸಹಿ ಹಾಕಬೇಕಾದ ಹಾಳೆಯನ್ನೂ ಪೆನ್ನನ್ನೂ ಹಿಡಿದು ನಗುತ್ತಾ ಕಾಯುತ್ತಿದ್ದಳು.

"ನಿಂಗೆ ಸಾಕಪ್ಪ," ಎಂದಳು ಮಗಳು. "ನಂಬಿಸೋ ಕೆಲಸ ನಂಗೆ ಇವತ್ತಿಂದ ಶುರು."